ನ್ಯೂಸ್ ನೋಡಿದ ದಿನ ಮಕ್ಕಳ ಮೇಲೆ ಯಾಕೆ ರೇಗುತ್ತೇನೆ?

ಪ್ರಶ್ನೆ: ನಾನು ಸಿಂಧನೂರಿನವಳು, ವಯಸ್ಸು 36. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಯಜಮಾನರದು ಬೀಜ, ಗೊಬ್ಬರದ ಅಂಗಡಿ. ಸೀಸನ್ನಿನಲ್ಲಿ ಮನೆಗೆ ಬರುವುದೇ ರಾತ್ರಿ ಒಂಬತ್ತೂವರೆಗೆ. ಮಗ ಐದನೇ ಕ್ಲಾಸು, ಮಗಳು ಯುಕೆಜಿ. ಮಾವನವರು ನಮ್ಮ ಜೊತೆಗಿದ್ದಾರೆ. ಸಂಜೆ ಏಳಕ್ಕೆ ಅವರು ಟೀವಿ ಹಾಕಿದರೆ ಹತ್ತರವರೆಗೆ ಚರ್ಚೆ ಮೇಲೆ ಚರ್ಚೆ. ನಾನು ರೊಟ್ಟಿ ಬಡಿಯುತ್ತ ಅದನ್ನೇ ಕೇಳುತ್ತೇನೆ. ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲೂ ಅದೇ, ಹನ್ನೆರಡಾಗುತ್ತದೆ. ಸಂಸತ್ತಿನ ಗದ್ದಲ, ನೀಟ್ ಗೊಂದಲ, ಸಿಲಿಂಡರ್ ರೇಟು, ಮನೆ ಮುಂದಿನ ಚರಂಡಿ, ಹೊತ್ತಲ್ಲದ ಹೊತ್ತಲ್ಲಿ ಹೋಗುವ ಕರೆಂಟು, ಮಗನ ಸ್ಟಾಪಿನಲ್ಲಿ ನಿಲ್ಲದ ಬಸ್ಸು, ರಾಯಚೂರಿಗೆ ಸಿಗದ ಏಮ್ಸ್, ಎಲ್ಲ ಸೇರಿ ತಲೆ ಸಿಡಿಯುತ್ತದೆ. ಹೋದ ವಾರ ಮಗಳು ನೀರು ಚೆಲ್ಲಿದ್ದಕ್ಕೆ ಸ್ಟೀಲ್ ಲೋಟ ಎತ್ತಿ ಎಸೆದೆ. ಅವಳು, "ಅವ್ವಾ, ನೀ ನ್ಯೂಸ್ ನೋಡಿದ ದಿನ ನಮಗ ಭಾಳ ಬೈತೀ" ಅಂದಳು. ಅದೇ ವಾರ ಮಗ ಕ್ರಿಕೆಟ್ ಜಗಳದಲ್ಲಿ ಜೊತೆಯ ಹುಡುಗನಿಗೆ "ದೇಶದ್ರೋಹಿ" ಅಂದನಂತೆ, ಮಿಸ್ ಫೋನ್ ಮಾಡಿದರು. ನ್ಯೂಸ್ ನೋಡುವುದನ್ನೇ ಬಿಡಬೇಕೆ? ಮಾವನವರಿಗೆ ಹೇಳುವುದು ಹೇಗೆ? ಮಕ್ಕಳ ಮುಂದೆ ರಾಜಕೀಯ ಮಾತಾಡಲೇಬಾರದೆ?

ಉತ್ತರ: ನಿಮ್ಮ ಮಗಳು ಅರ್ಧ ಸರಿ ಹೇಳಿದ್ದಾಳೆ. ಟೀವಿ ಹಚ್ಚಿದ ದಿನ ಅವ್ವ ಬೈತಾಳೆ ಎಂಬುದನ್ನು ಅವಳು ಎಷ್ಟೋ ಸಂಜೆ ನೋಡಿ ಕಂಡುಕೊಂಡಿದ್ದಾಳೆ. ಉಳಿದರ್ಧ ಅವಳಿಗೆ ಕಾಣುವುದಿಲ್ಲ: ಆ ಹೊತ್ತಿಗೆ ಅವ್ವ ಊಟ ಮಾಡಿ ಆರು ತಾಸಾಗಿರುತ್ತದೆ, ಒಲೆಯ ಝಳ ಮುಖಕ್ಕೆ ಹೊಡೆಯುತ್ತಿರುತ್ತದೆ, ಮಗನ ಹೋಮ್‌ವರ್ಕ್ ಬಾಕಿ ಇರುತ್ತದೆ, ಯಜಮಾನರು ಇನ್ನೂ ಬಂದಿರುವುದಿಲ್ಲ.

ಲೋಟ ಎಸೆದದ್ದರ ಕಾರಣ ಇಲ್ಲಿಂದಲೇ ಹುಡುಕಬೇಕು. ಮಧ್ಯಾಹ್ನ ಒಂದಕ್ಕೆ ಮಿಲ್ಲಿನಲ್ಲಿ ಡಬ್ಬಿ ಬಿಚ್ಚಿದವರು ರಾತ್ರಿ ಒಂಬತ್ತರವರೆಗೆ ಬರೀ ಚಹಾದ ಮೇಲೆ ಇದ್ದರೆ, ಏಳೂವರೆಯ ಹೊತ್ತಿಗೆ ತಾಳ್ಮೆ ತಳ ಕಂಡಿರುತ್ತದೆ. ಅದರ ಮೇಲೆ ಚರ್ಚೆಯ ದನಿ. ಈ ಕಾರ್ಯಕ್ರಮಗಳ ಸ್ವರೂಪವೇ ಹಾಗೆ: ಆರೇಳು ಜನ ಒಟ್ಟಿಗೆ ಕೂಗುತ್ತಾರೆ, ಯಾರ ಮಾತೂ ಮುಗಿಯುವುದಿಲ್ಲ, ಯಾವುದೂ ತೀರ್ಮಾನವಾಗುವುದಿಲ್ಲ. ಪಕ್ಕದ ಮನೆಯಲ್ಲಿ ಜಗಳವಾದರೆ ಮೈ ಹೇಗೆ ಬಿಗಿಯಾಗುತ್ತದೋ, ಟೀವಿಯ ಜಗಳಕ್ಕೂ ಹಾಗೇ ಆಗುತ್ತದೆ. ಒಮ್ಮೆ ಏರಿದ ಎದೆಬಡಿತ ಇಳಿಯಲು ಸ್ವಲ್ಪ ಹೊತ್ತು ಬೇಕು. ಚರ್ಚೆಯಲ್ಲಿ ಎರಡು ನಿಮಿಷಕ್ಕೊಂದು ಕೂಗು. ಇಳಿಯಲು ಬಿಡುವೇ ಇಲ್ಲ. ಆ ಹೊತ್ತಿಗೆ ಕೈಗೆ ಸಿಗುವವರು ದೆಹಲಿಯವರಲ್ಲ, ನೀರು ಚೆಲ್ಲಿದ ಐದು ವರ್ಷದ ಹುಡುಗಿ.

"ಸಿಟ್ಟು ಹೊರಹಾಕಿದರೆ ಹಗುರಾಗುತ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ. ಕೂಗಿದ ಕ್ಷಣಕ್ಕೆ ಹಗುರೆನಿಸುವುದು ನಿಜ. ಆದರೆ ಕೂಗಿ ಸಿಟ್ಟು ತೀರಿಸಿಕೊಂಡವರಿಗೆ ಮುಂದಿನ ಸಲ ಸಿಟ್ಟು ಇನ್ನೂ ಬೇಗ ಬರುತ್ತದೆ ಎಂಬುದು ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ಗುಂಪಿನಲ್ಲಿ ಉದ್ದುದ್ದ ಮೆಸೇಜ್ ಟೈಪ್ ಮಾಡಿ ಜಗಳಕ್ಕೆ ನಿಲ್ಲುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಸಿಟ್ಟನ್ನು ಇಳಿಸುವುದು ಉಸಿರನ್ನು ನಿಧಾನ ಮಾಡುವುದು, ಆ ಜಾಗ ಬಿಟ್ಟು ಹತ್ತು ಹೆಜ್ಜೆ ಹೊರಗೆ ಬರುವುದು, ಹೊಟ್ಟೆಗೆ ಏನಾದರೂ ಹಾಕುವುದು. ಕೇಳಲು ಸಪ್ಪೆ ಅನಿಸಬಹುದು.

ಹಾಗಾಗಿ ಮೊದಲ ಬದಲಾವಣೆ ಹೊಟ್ಟೆಯದು. ಆರೂವರೆಗೆ ಚಪ್ಪಲಿ ಬಿಟ್ಟ ಕೂಡಲೇ ಒಲೆ ಹಚ್ಚಬೇಡಿ. ಒಂದು ಹಿಡಿ ಹುರಿದ ಶೇಂಗಾ, ಅಡಿಕೆಯಷ್ಟು ಬೆಲ್ಲ, ಎರಡು ಲೋಟ ನೀರು. ಇಲ್ಲವೇ ಒಗ್ಗರಣೆ ಮಂಡಕ್ಕಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಮೊಬೈಲ್ ಬ್ಯಾಗಿನಲ್ಲೇ ಇರಲಿ. ಎರಡನೆಯದು ರೊಟ್ಟಿ. ವಾರದ ಏಳೂ ಸಂಜೆ ಬಿಸಿ ರೊಟ್ಟಿ ಆಗಲೇಬೇಕೆಂಬ ನಿಯಮ ಯಾರು ಮಾಡಿದ್ದು? ಭಾನುವಾರ ಒಮ್ಮೆ ಕೂತು ತೆಳ್ಳಗೆ ಬಡಿದು ಖಡಕ್ ರೊಟ್ಟಿ ಮಾಡಿಟ್ಟರೆ ಒಂದು ವಾರ ನಿಶ್ಚಿಂತೆ. ಪೂರ್ತಿ ಒಣಗದೆ ಡಬ್ಬಿಗೆ ಹಾಕಿದರೆ ಮಾತ್ರ ಬೂಷ್ಟು ಹಿಡಿಯುತ್ತದೆ. ಊರಲ್ಲಿ ಮಾರುವವರಿಂದ ತಂದರೂ ಆದೀತು. ವಾರದಲ್ಲಿ ನಾಲ್ಕು ಸಂಜೆ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ಒಲೆ ಮುಂದೆ ಮುಕ್ಕಾಲು ತಾಸು ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಚರ್ಚೆಯನ್ನು ನಿಂತು ಕೇಳುವ ಆ ಮುಕ್ಕಾಲು ತಾಸು ತಪ್ಪುತ್ತದೆ.

ಈಗ ಮಾವನವರು. ಟೀವಿ ಬಂದ್ ಮಾಡಿ ಎಂದು ನೇರವಾಗಿ ಹೇಳುವುದು ಒಂದು ದಾರಿ, ಆದರೆ ಬಹಳ ಮನೆಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಹಿರಿಯರಿಗೆ ಆ ಮೂರು ತಾಸು ಬರೀ ಸುದ್ದಿಯಲ್ಲ, ಹೊತ್ತು ಕಳೆಯುವ ಜೊತೆ. ಕಟ್ಟೆಗೆ ಹೋಗಿ ಕೂರುವ ಗೆಳೆಯರು ಕಡಿಮೆಯಾದಷ್ಟೂ ಟೀವಿಯ ಹೊತ್ತು ಹೆಚ್ಚುತ್ತದೆ. ಅದನ್ನು ಕಸಿದುಕೊಂಡರೆ ರಾಜಕೀಯದ ಜಗಳ ಹೋಗಿ ಅತ್ತೆಮನೆಯ ಜಗಳ ಶುರುವಾಗುತ್ತದೆ. ಕಸಿಯುವ ಬದಲು ಹೊತ್ತು ಬದಲಿಸಿ. ಏಳರಿಂದ ಎಂಟೂವರೆ "ಹುಡುಗನ ಓದಿನ ಹೊತ್ತು", ಎಂಟೂವರೆ ಮೇಲೆ ಅವರ ಚರ್ಚೆ. ಈ ಮಾತನ್ನು ನೀವಲ್ಲ, ನಿಮ್ಮ ಯಜಮಾನರು ಹೇಳಬೇಕು, ಅದೂ ಟೀವಿ ಓಡುತ್ತಿರುವಾಗ ಅಲ್ಲ, ಬೆಳಿಗ್ಗೆ ಚಹಾ ಕುಡಿಯುವಾಗ: "ಅಪ್ಪಾ, ಇವನ ಗಣಿತ ಹಿಂದ ಬಿದ್ದೈತಿ. ಏಳರಿಂದ ಎಂಟೂವರಿ ತನ ನೀವು ಬಾಜೂಕ ಕುಂತ್ರ ಅವ ಓದ್ತಾನ." ಬಂದ್ ಮಾಡಿ ಎಂದು ಹೇಳುವುದಕ್ಕಿಂತ ಒಂದು ಕೆಲಸ ಒಪ್ಪಿಸುವುದು ಸಲೀಸು. ಮೊಮ್ಮಗನಿಗೆ ಮಗ್ಗಿ ಒಪ್ಪಿಸಿಕೊಳ್ಳುವ ತಾತ ಆ ಹೊತ್ತಲ್ಲಿ ಟೀವಿ ಕೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಎಷ್ಟೋ ಮನೆಗಳಲ್ಲಿ ಇದೇ ಮೂಲ. ವಾಲ್ಯೂಮ್ ಎಷ್ಟಿರುತ್ತದೆ ನೋಡಿ. ಅರವತ್ತು ದಾಟಿದವರು ದನಿ ಏರಿಸಿ ಕೇಳುತ್ತಿದ್ದರೆ ಅದು ಹಟ ಎಂದುಕೊಳ್ಳುವ ಮೊದಲು ಕಿವಿ ತೋರಿಸಿ. ಗುಗ್ಗೆ ಗಟ್ಟಿಯಾಗಿ ಕೂತಿರಬಹುದು, ಕೇಳುವಿಕೆಯೇ ಕುಂದಿರಬಹುದು. ಮನೆಯಲ್ಲಿ ಇಯರ್‌ಫೋನ್ ಹಾಕುವುದಾದರೆ, ಟೀವಿಯಲ್ಲಿ ಬ್ಲೂಟೂತ್ ಇದ್ದರೆ ನೆಕ್‌ಬ್ಯಾಂಡ್ ಸಾಕು. ಹಳೆ ಸೆಟ್ ಆದರೆ ಹಿಂದೆ ಇಲ್ಲವೇ ಪಕ್ಕದಲ್ಲಿ ಇಯರ್‌ಫೋನ್ ಪಿನ್ನಿನ ತೂತು ಇದೆಯೇ ನೋಡಿ. ಇದ್ದರೆ ಉದ್ದ ವೈರಿನದು ತನ್ನಿ. ಸಾಮಾನ್ಯವಾಗಿ ಪಿನ್ ಚುಚ್ಚಿದ ಕೂಡಲೇ ಹೊರಗಿನ ಸ್ಪೀಕರ್ ಬಂದಾಗುತ್ತದೆ. "ಕಿವಿ ಕೇಳ್ಸಲ್ಲ, ಹಾಕ್ಕೊಳ್ರಿ" ಅಂದರೆ ಅದು ಮೂರನೇ ದಿನ ಕಪಾಟು ಸೇರುತ್ತದೆ. ಮೊಮ್ಮಗಳ ಕೈಲಿ ಕೊಡಿಸಿ.

ರಾತ್ರಿಯ ಮೊಬೈಲ್ ಇದಕ್ಕಿಂತ ಕಷ್ಟ. ಏಕೆಂದರೆ ಅಲ್ಲಿ ಟೀವಿ ಹಚ್ಚಿದವರು ನೀವೇ. ಹತ್ತರಿಂದ ಹನ್ನೆರಡು ನಿಮಗೆಂದು ಸಿಗುವ ಒಂದೇ ಹೊತ್ತು, ಅದನ್ನು ಬಿಡಲು ಮನಸ್ಸಾಗುವುದಿಲ್ಲ, ಸಹಜ. ಆದರೆ ಬೆಳಿಗ್ಗೆ ಐದಕ್ಕೋ ಐದೂವರೆಗೋ ಏಳುವವರಿಗೆ ಹನ್ನೆರಡರ ನಿದ್ದೆ ಎಂದರೆ ಐದು ತಾಸು, ಬೇಕಿರುವುದು ಏಳು. ಕಡಿಮೆಯಾದ ಆ ಎರಡು ತಾಸಿನ ಬಾಕಿಯನ್ನು ಮಾರನೇ ಸಂಜೆ ಮಗಳು ತೀರಿಸುತ್ತಾಳೆ. ವಾಟ್ಸಾಪಿನಲ್ಲಿ ಜಗಳದ ಗುಂಪುಗಳನ್ನು ಬಿಟ್ಟು ಹೊರಬರಬೇಡಿ. ಬೀಗರ ಗುಂಪಿನಿಂದ ಹೊರಬಿದ್ದರೆ ಅದೇ ಒಂದು ಸುದ್ದಿ. ಮ್ಯೂಟ್‌ನಲ್ಲಿ ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಆಯ್ಕೆ ಇವೆ. "ಯಾವಾಗಲೂ" ಒತ್ತಿ, ಆಮೇಲೆ ಆರ್ಕೈವ್ ಮಾಡಿ. ಮ್ಯೂಟ್ ಮಾತ್ರ ಮಾಡಿದರೆ ಗುಂಪು ಮೇಲೇ ಕುಣಿಯುತ್ತಿರುತ್ತದೆ, ಕಣ್ಣು ಬೀಳುತ್ತದೆ. ಯೂಟ್ಯೂಬಿನಲ್ಲಿ ಆಟೋಪ್ಲೇ ಆರಿಸಿ, ವಾಚ್ ಹಿಸ್ಟರಿ ಒಮ್ಮೆ ಅಳಿಸಿ. ನೀವು ಸಿಟ್ಟಿನಿಂದ ನೋಡಿದ್ದನ್ನೇ ಅದು ಮತ್ತೆ ಮತ್ತೆ ತಂದಿಡುತ್ತದೆ, ಇಷ್ಟಪಟ್ಟು ನೋಡಿದ್ದಕ್ಕೂ ಸಿಟ್ಟಿನಿಂದ ನೋಡಿದ್ದಕ್ಕೂ ಅದಕ್ಕೆ ವ್ಯತ್ಯಾಸವಿಲ್ಲ. ಚಾರ್ಜರ್ ಅಡುಗೆಮನೆಯಲ್ಲಿರಲಿ. ಅಲಾರಾಂಗೆ ಮೊಬೈಲ್ ಬೇಕು ಎಂಬುದು ಎಲ್ಲರ ನೆಪ. ಗಡಿಯಾರದ ಅಂಗಡಿಯಲ್ಲಿ ಸಣ್ಣ ಅಲಾರಾಂ ಟೈಂಪೀಸ್ ಇನ್ನೂ ಸಿಗುತ್ತದೆ.

ಹಾಗಾದರೆ ಸುದ್ದಿಯನ್ನೇ ಬಿಟ್ಟುಬಿಡಬಹುದೇ? ಬಿಟ್ಟವರು ಮೊದಲ ವಾರ ನಿಜಕ್ಕೂ ಹಗುರಾಗಿರುತ್ತಾರೆ. ಆಮೇಲೆ ಎರಡು ತೊಂದರೆ. ಮಿಲ್ಲಿನಲ್ಲಿ, ಅಂಗಡಿಯಲ್ಲಿ ಮಾತು ಬಂದೇ ಬರುತ್ತದೆ; ಅರ್ಧಂಬರ್ಧ ಕೇಳಿಸಿಕೊಂಡದ್ದು ಪೂರ್ತಿ ಓದಿದ್ದಕ್ಕಿಂತ ಹೆಚ್ಚು ಕಾಡುತ್ತದೆ. ಎರಡನೆಯದು, ನಿಮ್ಮ ಭಾಗದವರಿಗೆ ಸುದ್ದಿ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆ ಸುದ್ದಿ ಎಡದಂಡೆ ಕಾಲುವೆಯ ಭತ್ತಕ್ಕೂ ನಿಮ್ಮ ಮಿಲ್ಲಿಗೂ ಯಜಮಾನರ ಅಂಗಡಿಗೂ ಅನ್ನದ ಪ್ರಶ್ನೆಯಾಗಿತ್ತು. ಅಂಥದ್ದು ತಿಳಿಯಲೇಬೇಕು. ಅದು ತಿಳಿಯಲು ಮೂರು ತಾಸು ಬೇಡ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇಪ್ಪತ್ತು ನಿಮಿಷ ಪತ್ರಿಕೆ, ಬೆಳಿಗ್ಗೆ ಆಕಾಶವಾಣಿಯ ವಾರ್ತೆ, ಮುಗಿಯಿತು. ಮುದ್ರಿತ ಪತ್ರಿಕೆಗೆ ಕೊನೆಯ ಪುಟ ಇರುತ್ತದೆ ಎಂಬುದು ಅದರ ದೊಡ್ಡ ಗುಣ. ರಾತ್ರಿಯ ಬದಲು ಮಧ್ಯಾಹ್ನ ಓದಿದರೆ ಸಿಟ್ಟು ಇಳಿಯಲು ಐದಾರು ತಾಸು ಸಿಗುತ್ತದೆ. ಅಪಾಯ ಒಂದೇ: ಒಂದು ಸಂಜೆ ತಪ್ಪಿದರೆ "ಇವತ್ತೊಂದಿನ" ಎಂದು ಮತ್ತೆ ಮೊದಲಿನಂತಾಗುವುದು. ಚುನಾವಣೆ, ಬಜೆಟ್ ದಿನಗಳಲ್ಲಿ ಹಾಗಾಗಿಯೇ ಆಗುತ್ತದೆ. ಮಾರನೇ ದಿನ ಮತ್ತೆ ಶುರು ಮಾಡಿದರಾಯಿತು.

ಮಗನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. "ಮಕ್ಕಳಿಗೆ ಅದೆಲ್ಲ ಅರ್ಥ ಆಗಲ್ಲ ಬಿಡ್ರಿ" ಅನ್ನುತ್ತಾರೆ. ಅರ್ಥ ಆಗದಿರುವುದೇ ಇಲ್ಲಿ ತೊಂದರೆ. ಹತ್ತು ವರ್ಷದ ಹುಡುಗನಿಗೆ "ದೇಶದ್ರೋಹಿ" ಎಂದರೆ ಏನೆಂದು ಗೊತ್ತಿಲ್ಲ. ಎದುರಿನವರ ಬಾಯಿ ಮುಚ್ಚಿಸುವ ಗಟ್ಟಿ ಬೈಗುಳ ಎಂದಷ್ಟೇ ಗೊತ್ತು, ಅದನ್ನು ದೊಡ್ಡವರು ಟೀವಿಯಲ್ಲಿ ಹಾಗೇ ಬಳಸುವುದನ್ನು ಕಂಡಿದ್ದಾನೆ. ಹೊಡೆದರೆ ಅಥವಾ "ಅಂಥ ಮಾತು ಆಡಬ್ಯಾಡ" ಎಂದು ಗದರಿಸಿದರೆ ಮಾತು ಮನೆಯಲ್ಲಿ ನಿಲ್ಲುತ್ತದೆ, ಬಯಲಿನಲ್ಲಿ ಉಳಿಯುತ್ತದೆ. ಸಮಾಧಾನವಿದ್ದಾಗ, ಮಗಳು ಪಕ್ಕದಲ್ಲಿಲ್ಲದಾಗ ಕೇಳಿ: "ಆ ಮಾತು ಎಲ್ಲಿ ಕೇಳಿದ್ದಿ? ಅದರ ಅರ್ಥ ಏನಂತ ಅನ್ಕೊಂಡೀ?" ಉತ್ತರ ಏನೇ ಬರಲಿ, ನಗಬೇಡಿ. ಅರ್ಥ ನೀವೇ ಹೇಳಿ: ದೇಶಕ್ಕೆ ಬೇಕಂತಲೇ ಮೋಸ ಮಾಡಿದವನಿಗೆ ಅನ್ನುವ ಮಾತು ಅದು, ಔಟ್ ಕೊಡದವನಿಗಲ್ಲ. ಆಮೇಲೆ ಒಂದೇ ಪ್ರಶ್ನೆ: "ನಿನಗ ಎಲ್ಲರ ಮುಂದ ಹಂಗ ಅಂದಿದ್ರ?"

ಕ್ಷಮೆ ಕೇಳುವುದನ್ನು ಇಡೀ ಕ್ಲಾಸಿನ ಮುಂದೆ ಮಾಡಿಸುವಂತೆ ಮಿಸ್‌ಗೆ ಹೇಳಬೇಡಿ. ಅವಮಾನವಾದ ಹುಡುಗ ಆ ಸಿಟ್ಟನ್ನೂ ಅದೇ ಗೆಳೆಯನ ಮೇಲೆ ತೀರಿಸುತ್ತಾನೆ. ಇಬ್ಬರೇ ಇದ್ದಾಗ "ನಾ ಹಂಗ ಅನ್ನಬಾರದಿತ್ತು" ಎಂಬ ಒಂದು ಸಾಲು, ಜೊತೆಗೆ ಮೊದಲ ಬ್ಯಾಟಿಂಗ್ ಅವನಿಗೆ ಬಿಟ್ಟುಕೊಡುವುದು. ನೀವು ಆ ಹುಡುಗನ ತಾಯಿಗೆ ಎರಡು ನಿಮಿಷ ಫೋನ್ ಮಾಡಿ: "ಅಕ್ಕಾರ, ನಮ್ಮ ಹುಡುಗ ತಪ್ಪು ಮಾತಾಡ್ಯಾನ. ಮನ್ಯಾಗ ಟೀವಿದಾಗ ಕೇಳಿ ಕಲ್ತಾನ, ನಮ್ಮದೂ ತಪ್ಪೈತಿ." ಇಷ್ಟೇ. "ನಿಮ್ಮ ಹುಡುಗ ಏನಂದಿದ್ದ ಅಂತ" ಎಂದು ಶುರು ಮಾಡಿದರೆ ಎಲ್ಲ ಕೆಟ್ಟಿತು. ಆ ಮನೆಯವರ ಜಾತಿ, ಧರ್ಮ ಬೇರೆಯಾಗಿದ್ದರಂತೂ ಈ ಫೋನ್ ಇನ್ನೂ ಮುಖ್ಯ; ಅವರು ಮನಸ್ಸಿನಲ್ಲಿ ಏನೇನು ಎಣಿಸಿಕೊಂಡಿರುತ್ತಾರೋ.

ಇದರರ್ಥ ಮಕ್ಕಳ ಮುಂದೆ ರಾಜಕೀಯ ಎತ್ತಲೇಬಾರದು ಎಂದಲ್ಲ. ನಿಮ್ಮ ಮನೆಯಲ್ಲಿ ತಾತ ಒಂದು ಪಕ್ಷ, ಅಪ್ಪ ಇನ್ನೊಂದು ಪಕ್ಷ ಆಗಿದ್ದು, ಇಬ್ಬರೂ ಒಂದೇ ತಟ್ಟೆಯ ಮಿರ್ಚಿಗೆ ಕೈ ಹಾಕಿದರೆ ಮಗ ಕಲಿಯುವುದು ದೊಡ್ಡ ಪಾಠ. ಮಾತಾಡುವಾಗ ಒಂದು ಗೆರೆ ಇರಲಿ: ಮಾಡಿದ ಕೆಲಸವನ್ನು ಬೈಯಿರಿ, ಕುಲವನ್ನಲ್ಲ. "ಈ ನಿರ್ಧಾರ ನನಗ ಸರಿ ಅನಸಲಿಲ್ಲ, ಯಾಕಂದ್ರ..." ಎಂಬುದಕ್ಕೂ "ಅವರೆಲ್ಲಾ ಹಂಗ" ಎಂಬುದಕ್ಕೂ ಮಗು ಕಲಿಯುವುದರಲ್ಲಿ ಅಜಗಜಾಂತರ. ಯುಕೆಜಿ ಮಗಳಿಗೆ ವಾದವೇ ಬೇಡ. ಆ ವಯಸ್ಸಿನವರು ಒಂದೇ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಹತ್ತು ಸಲ ನಡೆಯಿತೆಂದೇ ತಿಳಿಯುತ್ತಾರೆ. 2025ರ ಮೇ ತಿಂಗಳಲ್ಲಿ ಗಡಿಯ ಸುದ್ದಿ ದಿನವಿಡೀ ಓಡಿದಾಗ ಎಷ್ಟೋ ಮನೆಯಲ್ಲಿ ಸಣ್ಣವರು ಒಬ್ಬರೇ ಮಲಗಲು ಹೆದರಿದ್ದು ಇದಕ್ಕೇ. ಅವಳಿಗೆ ಬೇಕಿರುವ ಮಾಹಿತಿ ಒಂದೇ: ಇಲ್ಲಿ ನಾವೆಲ್ಲ ಇದ್ದೇವೆ, ಏನೂ ಆಗಿಲ್ಲ.

ಲೋಟದ ವಿಷಯ ಅವಳ ಬಳಿ ಇನ್ನೂ ಬಾಕಿ ಇದ್ದರೆ ಮುಗಿಸಿ. ಅವಳ ಎತ್ತರಕ್ಕೆ ಕೂತು, "ಲೋಟ ಒಗದಿದ್ದು ನನ್ನ ತಪ್ಪು. ನಿನ್ನ ತಪ್ಪಲ್ಲ" ಎನ್ನಿ. ಅಲ್ಲಿಗೆ ನಿಲ್ಲಿಸಿ. "ಆದರ ನೀನೂ ನೋಡಿ ನಡೀಬೇಕಲ್ಲ" ಎಂದು ಸೇರಿಸಿದ ಕೂಡಲೇ ಮೊದಲಿನ ಮಾತು ಅಳಿಸಿಹೋಗುತ್ತದೆ. ಮುಂದಿನ ಸಲ ಸಿಟ್ಟು ಏರುವುದು ಗೊತ್ತಾದರೆ ಗ್ಯಾಸ್ ಆರಿಸಿ, ಹಿತ್ತಲಿಗೆ ಹೋಗಿ ಬನ್ನಿ. ಗ್ಯಾಸ್ ಆರಿಸುವುದು ಮರೆಯಬೇಡಿ.

ಇನ್ನು ಆ ಅಸಹಾಯಕತೆ. ನಿಮ್ಮ ಪತ್ರದ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಸಿಲಿಂಡರ್ ರೇಟು ಕೇಂದ್ರದ ಕೈಯಲ್ಲಿದೆ, ಸರಿ. ಕರೆಂಟು? ಅದು ಜೆಸ್ಕಾಂ, ಫೋನ್ 1912. ನಿಲ್ಲದ ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ಡಿಪೊ ಮ್ಯಾನೇಜರಿಗೆ ಬಸ್ ನಂಬರು, ದಿನಾಂಕ, ಹೊತ್ತು ಬರೆದು ಅರ್ಜಿ ಕೊಡಬೇಕು. ನಾಲ್ಕು ತಾಯಂದಿರು ಸಹಿ ಹಾಕಿದರೆ ತೂಕ ಬೇರೆ. ಚರಂಡಿ ನಿಮ್ಮ ನಗರಸಭೆಯದು. ಅಲ್ಲಿ ಆಗದಿದ್ದರೆ ರಾಜ್ಯದ ಸಹಾಯವಾಣಿ 1902. ದಿನವೂ ಕಾಡುವ ಮೂರು ತೊಂದರೆ ಬೆಂಗಳೂರು, ಸಿಂಧನೂರಿನೊಳಗೇ ಮುಗಿಯುವಂಥವು. ಟೀವಿ ತೋರಿಸುವುದು ದೆಹಲಿಯನ್ನು ಮಾತ್ರ, ಹಾಗಾಗಿ ಚರಂಡಿಯ ಸಿಟ್ಟೂ ದೆಹಲಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಲೆಕ್ಕ ಬರೆಯುವವರು ನೀವು, ಖಾತೆ ತಪ್ಪಿದರೆ ಏನಾಗುತ್ತದೆಂದು ಗೊತ್ತಲ್ಲ.

ಅರ್ಜಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ ಹತ್ತು ರೂಪಾಯಿ, ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಎಂದು ದಾಖಲೆ ಕೇಳಬೇಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅಲ್ಲಿಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ.

ಏಮ್ಸ್‌ನಂಥದ್ದು ನಿಜಕ್ಕೂ ದೆಹಲಿಯ ವಿಷಯ. ರಾಯಚೂರಿನಲ್ಲಿ 2022ರಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಇಂಥವುಗಳ ವೇಗ ಚರ್ಚೆಯ ವೇಗವಲ್ಲ. ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಕಾಲು ಶತಮಾನ ದಿನಾ ಮೂರು ತಾಸು ಸಿಟ್ಟಾಗಿ ಕೂತಿದ್ದರೂ ಅದು ಒಂದು ದಿನ ಮುಂಚೆ ಬರುತ್ತಿರಲಿಲ್ಲ. ಅರ್ಜಿ, ನಿಯೋಗ, ಸದನದ ಪ್ರಶ್ನೆಗಳಿಗೆ ಮಾತ್ರ ಅಷ್ಟಿಷ್ಟು ಬೆಲೆ ಇರುತ್ತದೆ. ಸಂಸದರಿಗೆ ಬರೆಯಿರಿ, ಒಂದು ಪುಟ, ಒಂದು ಬೇಡಿಕೆ. ಇಲ್ಲಿ ಬಹಳ ಜನ ತಪ್ಪುವುದು ವಿಳಾಸದಲ್ಲಿ: ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರ, ಮಸ್ಕಿಯೂ ಹಾಗೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಹಾಗೆ. ಚುಕ್ಕೆರಹಿತ ಪ್ರಶ್ನೆಯಾಗಿ ಕೇಳಲು ಕೋರಿ. ಲೋಕಸಭೆಯಲ್ಲಿ ದಿನಕ್ಕೆ ಸದನದಲ್ಲೇ ಬಾಯಿಮಾತಿನ ಉತ್ತರ ಕೇಳುವ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆರಹಿತ ಪ್ರಶ್ನೆ ಪಟ್ಟಿಯಾಗುತ್ತವೆ. ಚುಕ್ಕೆರಹಿತಕ್ಕೆ ಮಂತ್ರಿಗಳ ಲಿಖಿತ ಉತ್ತರ ಬರುತ್ತದೆ, ಲೋಕಸಭೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಗದ್ದಲದ ಸಂಜೆ ಟೀವಿಯಲ್ಲಿ ಇದು ಕಾಣುವುದೇ ಇಲ್ಲ. ತಿಂಗಳಿಗೆ ಒಂದು ವಿಷಯ ಸಾಕು, ಭಾನುವಾರ ಅರ್ಧ ತಾಸು. ಪರಿಹಾರ ಸಿಗುತ್ತದೆಂಬ ಖಾತ್ರಿ ಇಲ್ಲ, ಆದರೆ "ನನ್ನ ಕೈಲಿ ಏನೂ ಇಲ್ಲ" ಎಂಬ ಭಾವ ಸಡಿಲಾಗುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಎರಡು ವಾರ ದಾಟಿ ನಿದ್ದೆ ಬಾರದೆ ಹೊರಳಾಡುವಂತಾದರೆ, ಮಕ್ಕಳ ಮೇಲೆ ಕೈ ಮಾಡುವುದು ಹೆಚ್ಚಾದರೆ, ಕಾರಣವಿಲ್ಲದೆ ಅಳು ಬಂದರೆ ಅದು ನ್ಯೂಸಿನ ಸಿಟ್ಟಿನ ಆಚೆಯದು. ಖಿನ್ನತೆ ಎಷ್ಟೋ ಸಲ ಸಿಟ್ಟಿನ ವೇಷದಲ್ಲೇ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ನಾಚಿಕೆ ಬೇಡ. ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಆರೋಗ್ಯ ನೋಡುವ ಪದ್ಧತಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ, 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ಹೋಗುವಾಗ ಒಂದು ಹಾಳೆ ಒಯ್ಯಿರಿ: ಹದಿನೈದು ದಿನ, ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಯಾವ ಸಂಜೆ ಸಿಟ್ಟು ಏರಿತು, ಅದಕ್ಕೆ ಮೊದಲು ಏನು ತಿಂದಿದ್ದಿರಿ. ನಾಲ್ಕು ಕಾಲಂ ಎಳೆದರೆ ಸಾಕು, ನಿಮಗೆ ಹೇಳಿಕೊಡಬೇಕಿಲ್ಲ.